ಅತ್ತೆ ಕೊಟ್ಟುಹೋದ ಸಂಕಷ್ಟಿ

ಮೋರಟಗಿಯ ಗುಂಡವ್ವನಿಗೆ ಸಂಕಷ್ಟಿಯ ಉಪವಾಸ ಬಂದದ್ದು ಅತ್ತೆಯಿಂದ. ಸಾಯುವಾಗ ಮುದುಕಿ ಕೈ ಹಿಡಿದು, "ಒಂದ ತಿಂಗಳಾನೂ ತಪ್ಪಸಬ್ಯಾಡವ್ವ" ಅಂದಿದ್ದಳು. ಯಾವ ಹರಕೆಗೆಂದು ಹೇಳಲಿಲ್ಲ. ಗುಂಡವ್ವ ಕೇಳಲೂ ಇಲ್ಲ. ಇಪ್ಪತ್ತೆರಡು ವರ್ಷ ನಡೆಸಿಕೊಂಡು ಬಂದಳು.

ಸಾವಿರದ ಒಂಬೈನೂರ ಅರವತ್ತೆರಡರ ಸುಗ್ಗಿಯಲ್ಲಿ ಒಂದು ದಿನ ಬರಿ ಹೊಟ್ಟೆಯಲ್ಲೇ ಜೋಳ ಕಿತ್ತು ಬಂದು, ಗಣಪನಿಗೆ ದೀಪ ಹಚ್ಚಿ, ಚಂದ್ರ ಮೂಡುವುದನ್ನು ಕಾಯುತ್ತ ಕಟ್ಟೆಗೆ ಒರಗಿದಳು. ಕಾಲು ಸೆಳೆಯುತ್ತಿದ್ದವು. ಗಂಡನನ್ನು ಕೇಳಿದಳು: "ನಿಮ್ಮವ್ವ ಇದನ್ನ ಯಾತಕ್ಕ ಹಿಡದಿದ್ದಳ್ರಿ?"

"ನನಗೇನ ಗೊತ್ತು? ಆಕಿಗೂ ಆಕಿ ಅತ್ತೀನ ಕೊಟ್ಟಿದ್ದು."

ಚಂದ್ರ ಮೂಡಿದ ಮೇಲೆ ಗುಂಡವ್ವ ಕೈಮುಗಿದು ಕಡುಬು ಮುರಿದಳು. ಪಕ್ಕದಲ್ಲಿ ಕೂತ ಸೊಸೆ ನೀಲವ್ವ, "ಅತ್ತಿ, ಮುಂದಿನ ತಿಂಗಳಿಂದ ನಾ ಹಿಡೀಲೇನ್ರಿ?" ಎಂದಳು.

"ಬ್ಯಾಡವ್ವ. ಇದು ನನ್ನ ಜೋಡೀನ ಮುಗೀಲಿ. ನೀ ಉಣ್ಣು," ಎಂದು ಗುಂಡವ್ವ ಅವಳ ತಾಟಿಗೆ ಇನ್ನೊಂದು ಕಡುಬು ಹಾಕಿದಳು.