ಬೀಗ ಜಡಿದ ವೈಫೈ ಡಬ್ಬಿ

ಹಳಿಯಾಳದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ದ್ರಾಕ್ಷಾಯಣಿಯ ರಿಪೇರಿ ಅಂಗಡಿ. ತಂದೆ ಅಡಿವೆಯ್ಯ ಅಲ್ಲಿ ಮೂವತ್ತು ವರ್ಷ ರೇಡಿಯೊ ಬಿಚ್ಚಿ ಕೂಡಿಸಿದವರು. ಅವರದೊಂದು ನೇಮವಿತ್ತು: ಯಾವ ಯಂತ್ರವನ್ನೂ ಅದರ ಒಡೆಯರ ಕಣ್ಣೆದುರಿಗೇ ಬಿಚ್ಚಬೇಕು, ಕೆಟ್ಟದ್ದನ್ನು ಬೆರಳಿಟ್ಟು ತೋರಿಸಬೇಕು. ಅವರು ತೀರಿಕೊಂಡ ಮೇಲೂ ಮಗಳು ಅದನ್ನು ಬಿಟ್ಟಿರಲಿಲ್ಲ. ಆ ಕಾಲದ ರೇಡಿಯೊಗಳ ಬೆನ್ನೊಳಗೆ, ಯಾವ ತಂತಿ ಎಲ್ಲಿಗೆ ಎಂದು ಕಂಪನಿಯವರೇ ನಕ್ಷೆ ಅಂಟಿಸಿ ಕಳಿಸುತ್ತಿದ್ದರು. ಅಂಥದೊಂದು ನಕ್ಷೆ, ಅಂಚು ಕಂದಿ, ಈಗಲೂ ಅವಳ ಮೇಜಿನ ಮೇಲಿನ ಗೋಡೆಯಲ್ಲಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಪಕ್ಕದ ಹಳ್ಳಿ ಸಾಂಬ್ರಾಣಿಯ ಮನೆಗಳಿಗೆ ವೈಫೈ ಕೊಟ್ಟಿದ್ದ ಸಣ್ಣ ಕಂಪನಿ ಬಾಗಿಲು ಹಾಕಿತು. ಹೊಸ ಕಂಪನಿ ಅದೇ ತಂತಿಗೆ ಜೀವ ಕೊಟ್ಟಿತು. ಹಳೆಯ ಡಬ್ಬಿಗಳು ಮಾತ್ರ ಮುಚ್ಚಿಹೋದ ಕಂಪನಿಯನ್ನೇ ಹುಡುಕುತ್ತ ಕೆಂಪು ದೀಪ ಮಿಟುಕಿಸತೊಡಗಿದವು. ಒಳಗಿನ ಪ್ರೋಗ್ರಾಮಿಗೆ ಹಾಕಿದ ಬೀಗ ತೆಗೆದರೆ ಅವನ್ನು ಹೊಸ ಕಂಪನಿಗೆ ಹೊಂದಿಸುವುದು ಅರ್ಧ ಗಂಟೆಯ ಕೆಲಸ. ದ್ರಾಕ್ಷಾಯಣಿ ಡಬ್ಬಿ ತಯಾರಿಸಿದವರಿಗೆ ಮೂರು ಸಲ ಬರೆದಳು: ಬೀಗದ ಕೈ ಕೊಡಿ, ಇಲ್ಲವೇ ಒಳಗಿನ ನಕ್ಷೆಯನ್ನಾದರೂ ಕೊಡಿ, ಜನ ದುಡ್ಡು ಕೊಟ್ಟು ಕೊಂಡ ವಸ್ತುವದು. ಮೂರಕ್ಕೂ ಒಂದೇ ಉತ್ತರ: ಬೀಗ ತೆಗೆಯುವುದು ನಿಯಮಕ್ಕೆ ವಿರುದ್ಧ, ಹೊಸದನ್ನು ಕೊಳ್ಳಿ.

ಒಂದು ಸೋಮವಾರ ಈರಕ್ಕ ಬಂದಳು. ಅಡಿವೆಯ್ಯನವರ ಕಾಲದಿಂದಲೂ ಬರುವ ಸಾಂಬ್ರಾಣಿಯ ಮುದುಕಿ. ಸೆರಗಿನಲ್ಲಿ ಡಬ್ಬಿ.

"ಒಂದೀಟು ನೋಡವ್ವ. ಇದರಾಗ ನೋಡಿ ಸೊಸಿ ಹೊಲಿಗಿ ಕಲೀತಿದ್ಲು, ನಿಂತೈತಿ. ಮೊಬೈಲ್ ಸಿಗ್ನಲ್ ನಮ್ಮನಿಗೆ ಬೀಗರು ಬಂದಂಗ ಬರತೈತಿ, ವರ್ಷಕ್ಕೊಮ್ಮಿ."

ದ್ರಾಕ್ಷಾಯಣಿ ನಕ್ಕು, ನೇಮದಂತೆ ಅವಳೆದುರಿಗೇ ಬಿಚ್ಚಿದಳು. ಒಳಗಿನ ಹಸಿರು ಹಲಗೆಯ ಮೇಲೆ ಧೂಳು ಕೂಡ ಇರಲಿಲ್ಲ.

"ಏನ್ ಕೆಟ್ಟೈತಿ, ತೋರ್ಸು."

"ಏನೂ ಕೆಟ್ಟಿಲ್ಲಜ್ಜಿ. ಎಲ್ಲಾ ಸರಿ ಐತಿ. ಮಾಡಿದವ್ರು ಒಳಗ ಕೀಲಿ ಜಡದಾರ, ತಗ್ಯಾಕ ಬಿಡವಲ್ರು."

ಈರಕ್ಕ ಬಗ್ಗಿ ನೋಡಿದಳು. "ಡಬ್ಬಿ ತಗದು ಕುಂತೀದಿ. ಕೀಲಿ ಎಲ್ಲೈತಿ ಇದರಾಗ?"

ದ್ರಾಕ್ಷಾಯಣಿಯ ಬೆರಳು ಹಲಗೆಯ ಮೇಲೆ ಅತ್ತಿತ್ತ ಹೋಗಿ ನಿಂತಿತು. ತೋರಿಸಲು ಏನೂ ಇರಲಿಲ್ಲ.

"ಎಲ್ಲಾ ಸರಿ ಇದ್ರ ನಡೀಬೇಕಲ್ಲ? ನಂಗ ಬರಂಗಿಲ್ಲ ಅಂದಬಿಡವ್ವ, ನಾಚಿಕಿ ಯಾಕ? ನಿಮ್ಮಪ್ಪಾರು ಇದ್ದಿದ್ರ ಇಷ್ಟೊತ್ತಿಗೆ ಹಚ್ಚಿ ಕೊಡ್ತಿದ್ರು."

ಸಿಟ್ಟಿಲ್ಲದೆ, ಮರುಕದಿಂದ ಹೇಳಿದಳು. ಡಬ್ಬಿಯನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡು ಹೊಸದನ್ನು ಮಾರುವ ಎದುರಿನ ಅಂಗಡಿಯ ಮೆಟ್ಟಿಲು ಹತ್ತಿದಳು.

ದ್ರಾಕ್ಷಾಯಣಿ ನಾಲ್ಕನೆಯ ಪತ್ರ ಬರೆದಳು. ಅದಕ್ಕೆ ಉತ್ತರವೂ ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಈರಕ್ಕನ ಮಾತು ಊರಲ್ಲಿ ಹಬ್ಬಿ, ಸಾಂಬ್ರಾಣಿಯವರು ಕೆಟ್ಟ ಮಿಕ್ಸರುಗಳನ್ನೂ ಅವಳ ಅಂಗಡಿ ದಾಟಿಸಿ ಬೇರೆ ಕಡೆ ಒಯ್ಯತೊಡಗಿದ್ದರು.