ಲೈಸೆನ್ಸ್ ಇಲ್ಲದ ಸಿವಿಲ್ ಇಂಜಿನಿಯರ್

ಹಾಸನದಲ್ಲಿ ಸಿವಿಲ್ ಓದಿ, ಬೆಂಗಳೂರಿನ ಫ್ಲೈಓವರುಗಳಲ್ಲಿ ಕೆಲಸ ಮಾಡಿ ಬಂದವಳು ನಾನು. ಆದರೂ ಕ್ಯಾಲಿಫೋರ್ನಿಯಾದಲ್ಲಿ ಸಿವಿಲ್ ಇಂಜಿನಿಯರ್ ಎಂದು ಹೇಳಿಕೊಳ್ಳುವಂತಿಲ್ಲ. ರಾಜ್ಯದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದವರಿಗಷ್ಟೇ ಆ ಹೆಸರು. ಮನೆ, ಮಗಳು, ಆಫೀಸು ಎಂದು ನನ್ನ ಪರೀಕ್ಷೆ ಮುಂದಕ್ಕೆ ಹೋಗುತ್ತಲೇ ಇತ್ತು. ಇಲ್ಲಿನ ನೆವಾರ್ಕ್ ಊರಿನ ಆಫೀಸಿನಲ್ಲಿ ನಾನು ಡಿಸೈನರ್. ನನ್ನ ನಕ್ಷೆಗಳಿಗೆ ಮೊಹರು ಒತ್ತುವುದು ಲೈಸೆನ್ಸ್ ಇರುವ ನನ್ನ ಬಾಸ್, ಅರವತ್ತು ದಾಟಿದ ಅಮೆರಿಕನ್ ಹೆಂಗಸು. ಸಾಫ್ಟ್‌ವೇರಿನವರಿಗೆ ಈ ಕಟ್ಟುಪಾಡಿಲ್ಲ. ಒಂದು ಮೊಳೆ ನೆಟ್ಟಗೆ ಹೊಡೆಯಲು ಬಾರದ ನನ್ನ ಗಂಡ ಧಾರಾಳವಾಗಿ ಇಂಜಿನಿಯರ್. ಅವನೆದುರೇ ಹೇಳುತ್ತೇನೆ, ನಗುತ್ತಾನೆ.

ಕಳೆದ ವರ್ಷ ಇಲ್ಲೇ ಹತ್ತಿರದ ಡಬ್ಲಿನ್ ಎಂಬ ಊರಿನಲ್ಲಿ ಗಂಡನ ಗೆಳೆಯರೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪೂಜೆಗೆ ಬಂದ ಡಾಕ್ಟರಿಗೆ ಮಂಡಿನೋವು ತೋರಿಸುವುದು, ಸಿವಿಲ್ ಓದಿದವರಿಗೆ ಗೋಡೆ ತೋರಿಸುವುದು ನಮ್ಮವರ ರೂಢಿ. ಪ್ರಸಾದ ಇನ್ನೂ ಕೈಯಲ್ಲಿರುವಾಗಲೇ ಆ ಗೆಳೆಯರು ನನ್ನನ್ನು ಅಡುಗೆಮನೆಗೆ ಕರೆದೊಯ್ದರು. ನಡುವಿನ ಗೋಡೆ ಒಡೆದು ಹಾಲಿಗೆ ಸೇರಿಸಬೇಕಂತೆ, ಸೋಮವಾರ ಕಾಂಟ್ರಾಕ್ಟರು ಬರುತ್ತಾನಂತೆ. ರೇಷ್ಮೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಏಣಿ ಹತ್ತಿ, ಅಟ್ಟದಲ್ಲಿ ಇಣುಕಿ ನೋಡಿದೆ. ಚಾವಣಿಯ ತೊಲೆಗಳೆಲ್ಲ ಆ ಗೋಡೆಯ ಮೇಲೇ ಕೂತಿದ್ದವು.

“ಇದನ್ನ ಮುಟ್ಟಬೇಡಿ. ಮೇಲಿನ ಭಾರ ಎಲ್ಲಾ ಇದೇ ಹೊತ್ಕೊಂಡಿದೆ. ಭೂಕಂಪ ಬೇರೆ ಆಗೋ ಜಾಗ,” ಎಂದೆ.

“ಕಾಂಟ್ರಾಕ್ಟರು ಏನೂ ಪ್ರಾಬ್ಲಮ್ಮು ಇಲ್ಲ ಅಂದ. ಬೇಜಾರ್ ಮಾಡ್ಕೋಬೇಡಿ, ನೀವು ಇಲ್ಲಿ ಇಂಜಿನಿಯರ್ ಅಲ್ವಲ್ಲ?”

ಮೈಯೆಲ್ಲ ಉರಿದುಹೋಯಿತು. ಕಾನೂನಿನ ಪ್ರಕಾರ ಅವರ ಮಾತು ಸರಿ, ಅದಕ್ಕೇ ಇನ್ನಷ್ಟು ಉರಿ. ಆದರೆ ಆ ಚಾವಣಿಯ ಕೆಳಗೆ ಅವರ ಹೆಂಡತಿಯೂ ಪುಟ್ಟ ಮಗುವೂ ಓಡಾಡುತ್ತಾರೆ. ಸಿಟ್ಟು ನುಂಗಿ ಬಾಸಿಗೆ ಫೋನ್ ಮಾಡಿದೆ. ಮರುದಿನ ಭಾನುವಾರ, ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಅವರೇ ಬಂದರು. ಅಟ್ಟಕ್ಕೊಮ್ಮೆ ಇಣುಕಿ, ನಾನು ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಗೆಳೆಯರು ತಕ್ಷಣ ಕಾಂಟ್ರಾಕ್ಟರಿಗೆ ಬರಬೇಡ ಎಂದು ಫೋನ್ ಮಾಡಿದರು.

“ಇಂಜಿನಿಯರ್ರೇ ಹೇಳಿದ್ಮೇಲೆ ಮುಗೀತು,” ಎಂದು ನನ್ನತ್ತ ತಿರುಗಿದರು. “ಇವಳು ಮಗೂನ ಮಲಗಿಸ್ತಿದಾಳೆ. ನೀವೇ ಇವರಿಗೆ ಒಂದು ಕಾಫಿ ಮಾಡ್ಕೊಡ್ತೀರಾ?”

ಕಾಫಿ ಮಾಡಲಿಲ್ಲ. ಕೆಲಸವಿದೆ ಎಂದು ಹೇಳಿ ಬಾಸನ್ನು ಎಬ್ಬಿಸಿಕೊಂಡು ಹೊರಟೆ. ಫ್ರೀವೇಗೆ ಬಂದ ಮೇಲೆ, ಲೈಸೆನ್ಸಿಗೆ ಅರ್ಜಿ ಹಾಕುತ್ತೇನೆ, ನನ್ನ ಕೆಲಸಕ್ಕೆ ಸಾಕ್ಷಿಯಾಗಿ ಸಹಿ ಮಾಡುತ್ತೀರಾ ಎಂದು ಕೇಳಿದೆ. ನೀನು ಬಂದ ಮೊದಲ ವರ್ಷವೇ ಮಾಡುತ್ತಿದ್ದೆ, ಕೇಳಲೇ ಇಲ್ಲವಲ್ಲ ಎಂದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಯೂನಿಯನ್ ಸಿಟಿಯ ನಮ್ಮ ಮನೆ ಬರುವತನಕ ಅತ್ತೆ.