ಅತ್ತೆಯ ಹಣೆಯ ಮೂರು ಗೆರೆ

ನಮ್ಮ ಅತ್ತೆಯ ಹಣೆಯ ಮೇಲೆ ಮೂಡಿದ್ದ ಮೂರು ಗೆರೆ ಶಿವ ಎಳೆದದ್ದಲ್ಲ. ನನ್ನ ಕೈಯಿಂದ ಆದದ್ದು. ನನಗದು ಮೊದಲಿನಿಂದಲೂ ಗೊತ್ತಿತ್ತು. ಅವರೇ ಬಾಯಿಬಿಟ್ಟು ಕೇಳಿದಾಗ ಅಲ್ಲ ಎಂದುಬಿಟ್ಟೆ — ಯಾಕೆ ಹಾಗಂದೆ ಎನ್ನುವುದು ವರ್ಷಗಳಾದರೂ ನನಗೇ ಸರಿಯಾಗಿ ತಿಳಿದಿಲ್ಲ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನನ್ನದೊಂದು ಸಣ್ಣ ಬ್ಯೂಟಿ ಪಾರ್ಲರ್ ಇದೆ. ಆ ವರ್ಷ ಹೊಸದಾಗಿ ಪೀಲ್ ಮಾಡಲು ಕಲಿತು ಬಂದಿದ್ದೆ. ಹಣ್ಣಿನ ಹುಳಿಯಂಥ ಸೌಮ್ಯ ಆಮ್ಲ. ಬ್ರಶ್ಶಿನಿಂದ ಮುಖಕ್ಕೆ ಸವರಿ, ಸ್ವಲ್ಪ ಚುರುಗುಟ್ಟುವಾಗ ತೊಳೆದುಬಿಟ್ಟರೆ ಮುಂದೆ ಮಾಸಿದ ಚರ್ಮ ಸಣ್ಣಗೆ ಉದುರಿ ಕೆಳಗಿನದು ನುಣುಪಾಗಿ ಕಾಣುತ್ತದೆ. ಅತ್ತೆಯ ಮುಖದ ತುಂಬ ಬಂಗಿನ ಕಪ್ಪು. ಮಾವ ತೀರಿಕೊಂಡ ಮೇಲೆ ಅವರು ಕನ್ನಡಿ ಮುಂದೆ ನಿಂತದ್ದನ್ನೇ ನಾನು ಕಂಡಿರಲಿಲ್ಲ. ಅಂಥವರು, ಇಳಕಲ್ಲಿನಲ್ಲಿರುವ ತಂಗಿಯ ಮಗಳ ಮದುವೆ ಗೊತ್ತಾದ ಮೇಲೆ, ಒಂದು ಮಧ್ಯಾಹ್ನ ಪಾರ್ಲರಿಗೆ ಬಂದು, ಗಿರಾಕಿಗಳಿಲ್ಲವೆಂದು ಖಾತ್ರಿ ಮಾಡಿಕೊಂಡು, ನನಗೂ ಅದನ್ನು ಹಚ್ಚು ಅಂದರು. ಯಾರಿಗೂ ಹೇಳಬೇಡ ಅಂತಲೂ ಅಂದರು. ನನಗೆ ನಗು ಬಂತು, ಪ್ರೀತಿಯೂ ಬಂತು.

ಮುಖ ಸ್ವಚ್ಛ ತೊಳೆದೇ ಹಚ್ಚಬೇಕು. ತೊಳೆದೆ. ಆದರೆ ಬೋಳು ಹಣೆಯಲ್ಲಿ ಅರೆಗಳಿಗೆ ಕೂರುವ ಹೆಂಗಸಲ್ಲ ಅವರು. ನಾನು ಬಟ್ಟಲಿಗೆ ಔಷಧ ಹಾಕಿ ತಿರುಗುವಷ್ಟರಲ್ಲಿ ಸೆರಗಿನ ಗಂಟಿನಿಂದ ವಿಭೂತಿ ತೆಗೆದು, ಹಣೆಗೆ ಮೂರು ಬೆರಳು ಎಳೆದುಕೊಂಡು, ಕಣ್ಣು ಮುಚ್ಚಿ ಕೂತಿದ್ದರು. ಒರೆಸಿದರೆ ಬೈಸಿಕೊಳ್ಳಬೇಕು. ಇರಲಿ ಬಿಡು ಎಂದು ಆ ಗೆರೆಗಳನ್ನು ಬಿಟ್ಟು ಸುತ್ತ ಸವರಿದೆ. ಮದುವೆಯವರೆಗೂ ತಿಂಗಳಿಗೊಮ್ಮೆ ಹೀಗೇ ನಡೆಯಿತು. ಪ್ರತಿಸಲ ಅದೇ ವಿಭೂತಿ, ಅದೇ ಜಾಗ. ನನ್ನದೂ ಅದೇ ಸೋಮಾರಿತನ. ಮುಖವೆಲ್ಲ ತಿಳಿಯಾಗುತ್ತ ಬಂದು, ಹಣೆಯಲ್ಲಿ ಮಾತ್ರ ಹಳೆಯ ಬಣ್ಣದ ಮೂರು ಪಟ್ಟಿ ಉಳಿದದ್ದು ನನಗೆ ಕಂಡಿತ್ತು. ವಿಭೂತಿ ಹೇಗೂ ಮುಚ್ಚುತ್ತದಲ್ಲ ಎಂದುಕೊಂಡೆ.

ಮದುವೆಯ ಬೆಳಿಗ್ಗೆ ಅತ್ತೆ ಸ್ನಾನ ಮುಗಿಸಿ ವಿಭೂತಿ ಹುಡುಕುತ್ತ ಬಂದಾಗ ಅವರ ತಂಗಿ ಹಣೆ ನೋಡಿ ನಿಂತೇಬಿಟ್ಟಳು. ಸೆರಗಿನಿಂದ ಉಜ್ಜಿ ನೋಡಿದಳು. ಹೋಗಲಿಲ್ಲ. ಹೆಂಗಸರೆಲ್ಲ ಸೇರಿದರು. ಇಷ್ಟು ವರ್ಷ ತಪ್ಪದೆ ಧರಿಸಿದ್ದಕ್ಕೆ ಶಿವ ತಾನೇ ಹಚ್ಚಿದ್ದಾನೆ ಅಂದರು. ಯಾರೋ ಕಾಲಿಗೂ ಬಿದ್ದರು. ಅತ್ತೆ ಗಾಬರಿಯಾಗಿ ನನ್ನನ್ನು ಮೂಲೆಗೆ ಎಳೆದುಕೊಂಡು ಹೋದರು.

“ಖರೆ ಹೇಳು. ಇದು ನಿನ್ನ ಔಷಧದಿಂದ ಆಗಿದ್ದೇನು?”

“ಇಲ್ರಿ ಅತ್ತಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.”

ಸ್ವಂತ ಅತ್ತೆಯ ಮುಖಕ್ಕೇ ಪಟ್ಟಿ ಎಳೆದಳು ಎಂದಾದರೆ ಪಾರ್ಲರಿಗೆ ಯಾರು ಬರುತ್ತಾರೆ — ಆ ಭಯವಿತ್ತು. ಅವರ ಗುಟ್ಟು ಕಾಯಬೇಕು ಎಂದೂ ಇತ್ತೇನೋ... ಅಥವಾ ಅದನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ.

ಆಮೇಲಿನ ತಿಂಗಳುಗಳಲ್ಲಿ ಅತ್ತೆ ಬೇರೆಯೇ ಆದರು. ಕೂಡಲಸಂಗಮಕ್ಕೆ ಹೋಗಿ ಬಂದರು. ರೊಟ್ಟಿ ಬಡಿಯುತ್ತ ಗುನುಗುತ್ತಿದ್ದರು, ನನ್ನನ್ನು ಬೈಯುವುದನ್ನೂ ಮರೆತರು. ಸುಳ್ಳಿನಿಂದ ಒಳ್ಳೆಯದೇ ಆಯಿತು ಎಂದು ನಂಬಲು ನನಗೂ ಅವಸರವಿತ್ತು. ಪೀಲ್ ಮಾತ್ರ ಅವರು ಬೇಡವೆಂದು ನಿಲ್ಲಿಸಿದ್ದರು. ನಿಲ್ಲಿಸಿದರೆ ಬಿಸಿಲಿಗೆ ಬಂಗು ಮತ್ತೆ ಬರುತ್ತದೆ, ಸುತ್ತಲಿನ ಬಣ್ಣ ಕಪ್ಪಾಗಿ ಗೆರೆ ಅದರಲ್ಲಿ ಬೆರೆತುಹೋಗುತ್ತದೆ. ಇದು ನನಗೆ ಗೊತ್ತಿತ್ತು. ಅವರಿಗೆ ಗೊತ್ತಿರಲಿಲ್ಲ.

ಗೆರೆ ಹೋದವು. ಅತ್ತೆ ಏನು ತಪ್ಪು ಮಾಡಿದೆನೆಂದು ತಮ್ಮ ಬಾಳನ್ನೆಲ್ಲ ಜಾಲಾಡಿದರು. ಕೊನೆಗೊಂದು ದಿನ ಮದುವೆಯಲ್ಲಿ ಉಟ್ಟಿದ್ದ ಇಳಕಲ್ ಸೀರೆ, ಗುಳೇದಗುಡ್ಡ ಖಣದ ಕುಪ್ಪಸ ಎರಡನ್ನೂ ತಂದು ನನ್ನ ಕೈಯಲ್ಲಿಟ್ಟರು.

“ಈ ವಯಸ್ಸಿನ್ಯಾಗ ಚಂದ ಕಾಣಬೇಕಂತ ಆಸಿ ಪಟ್ಟೆ. ಅದಕ್ಕ ಶಿವ ಒರಿಸಿಕೊಂಡು ಹೋದ.”

ಆಗಲಾದರೂ ಹೇಳಬೇಕಿತ್ತು. ಸೀರೆ ಇಸಿದುಕೊಂಡೆ.

ಅಂದಿನಿಂದ ಅವರು ಒಳ್ಳೆಯ ಸೀರೆ ಉಟ್ಟಿಲ್ಲ, ಯಾರ ಮದುವೆಗೂ ಹೋಗಿಲ್ಲ. ನಾನು ಹೇಳಿದರೆ ತಪ್ಪಿನ ಭಾರ ಇಳಿಯುತ್ತದೆ — ಆದರೆ ಶಿವ ಒಮ್ಮೆಯಾದರೂ ಹಣೆ ಮುಟ್ಟಿದ್ದ ಎಂಬುದನ್ನೂ ನಾನೇ ಕಿತ್ತುಕೊಂಡಂತಾಗುತ್ತದೆ. ಹೇಳದಿದ್ದರೆ... ಮತ್ತೆ ಅನಿಸುತ್ತದೆ, ಪ್ರತಿಸಲ ವಿಭೂತಿ ಎಳೆದುಕೊಂಡದ್ದು ಅವರ ಭಕ್ತಿಯೇ ಅಲ್ಲವೆ? ಹಾಗಾದರೆ ಗೆರೆ ಉಳಿದದ್ದು ಅವರ ಭಕ್ತಿಯಿಂದಲೋ, ನನ್ನ ಸೋಮಾರಿತನದಿಂದಲೋ? ತಲೆ ಕೆಟ್ಟುಹೋಗುತ್ತದೆ. ಹೀಗೆ ಗೊಂದಲದಲ್ಲಿರುವುದೇ ನನಗೆ ಅನುಕೂಲವಾಗಿದೆ ಎಂಬುದೊಂದು ಮಾತ್ರ ಈಗೀಗ ಸ್ಪಷ್ಟವಾಗುತ್ತಿದೆ.

ಈಗಲೂ ಅತ್ತೆ ದಿನಾ ಸ್ನಾನ ಮಾಡಿ, ವಿಭೂತಿ ಹಚ್ಚುವ ಮೊದಲು ಅಡುಗೆಮನೆಗೆ ಬರುತ್ತಾರೆ. ಚರ್ಮದ ವಿಷಯ ಬಲ್ಲವಳು ನಾನೆಂದು ನನ್ನೆದುರು ಬೋಳು ಹಣೆ ಮುಂದೆ ಮಾಡಿ, ಮತ್ತೆ ಮೂಡುತ್ತಿವೆಯೇ ನೋಡು ಅನ್ನುತ್ತಾರೆ. ಇನ್ನೂ ಇಲ್ಲ ಅನ್ನುತ್ತೇನೆ. “ಇನ್ನೂ” ಅನ್ನುತ್ತೇನೆ, ಕೇಳಿ.

ನಾಳೆಯೂ ಬರುತ್ತಾರೆ. ಹಿಟ್ಟಿನ ಕೈ ತೊಳೆದುಕೊಂಡು ಅವರನ್ನು ಕೂರಿಸಿ, ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಅವರು ವಿಭೂತಿಗೆ ಕೈ ಹಾಕುವ ಮೊದಲೇ.